ಕರೆಂಟು ಹರಿಯದ ಇದ್ದಿಲ ಕೊರಡು

ಆಗ ನನಗೆ ಅರವತ್ತೊಂದು ವರ್ಷ. ಈ ಮಾತಿಗೆ ಈಗ ಆರು ವರ್ಷವಾಯಿತು. ಅಲ್ಲಿಯವರೆಗೆ ನಾನು ಇಂಥದ್ದನ್ನು ಯಾವತ್ತೂ ನಂಬಿದವಳಲ್ಲ. ನೀರಮಾನ್ವಿಯ ಎಲ್ಲಮ್ಮನ ಗುಡಿ ಮುಂದೆ ಹೆಂಗಸರ ಮೈಮೇಲೆ ದೇವಿ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಜ್ಜಿಗೆ ಕುಡಿಸಿ ನೆರಳಿನಲ್ಲಿ ಮಲಗಿಸಿ ಎಂದು ಹೇಳಿ ಬೈಸಿಕೊಂಡಿದ್ದೇನೆ. ಈಗಲೂ ದೆವ್ವ ಭೂತ ಎಂದರೆ ನನಗೆ ನಗು ಬರುತ್ತದೆ. ಆದರೆ ಇದೊಂದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೆ ತಿಳಿದರೆ ತಿಳಿಯಲಿ.

ನಾನು ಗಬ್ಬೂರಿನ ಹೊರಗೆ ಜಾಲಿ ಕಡಿದು ಇದ್ದಿಲು ಸುಡುವವಳು. ಗಂಡ ಸತ್ತ ಮೇಲೆ ಭಟ್ಟಿಯನ್ನು ನಾನೇ ನಡೆಸಿದೆ. ಒಬ್ಬಳೇ ಮಗಳು, ಶರಣಮ್ಮ. ಮಾನ್ವಿಗೆ ಕೊಟ್ಟಿದ್ದೆ. ಅಳಿಯ ಈರಪ್ಪ ಅಲ್ಲಿ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹೊಡೆಯುವುದಕ್ಕೆ ಅವನು ಒಂದು ಕೋಲು ಅಂತ ಇಟ್ಟುಕೊಂಡವನಲ್ಲ, ಕೈಗೆ ಸಿಕ್ಕಿದ್ದನ್ನೇ ಎತ್ತುತ್ತಿದ್ದ. ಒಲೆಯ ಕಟ್ಟಿಗೆ, ಲಟ್ಟಣಿಗೆ, ಒಮ್ಮೆ ಸೈಕಲ್ ಪಂಪು. ಆ ಬೇಸಿಗೆಯಲ್ಲಿ ಮಗಳ ಎಡಗೈ ಮುರಿದ. ಅವಳು ಕೈಗೆ ಪಟ್ಟಿ ಹಾಕಿಸಿಕೊಂಡು ನನ್ನ ಮನೆಗೆ ಬಂದು ಬಿದ್ದಳು. ಎರಡು ದಿನಕ್ಕೆ ಅವನ ಫೋನು ಬಂತು.

"ಐತವಾರ ಬರ್ತೀನಿ. ನನ್ನ ಹಿಂದ ಬರ್ಲಿಲ್ಲಂದ್ರ ಅಕೀನ ಅಲ್ಲೇ ನಿನ್ನ ಭಟ್ಟಿಯಾಗ ಸುಡ್ತೀನಿ" ಎಂದ. ಹೇಳಿದ್ದನ್ನು ಮಾಡುವ ಮನುಷ್ಯ.

ಇದಕ್ಕೆ ಒಂದು ತಿಂಗಳ ಮೊದಲು ರಾಯಚೂರಿನ ಕಾಲೇಜಿನಿಂದ ರೇಣುಕಾ ಎಂಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಇದ್ದಿಲಿನ ಮೇಲೆ ಏನೋ ದೊಡ್ಡ ಓದು ಓದುತ್ತಿದ್ದಳು. ಮುರಿಯದ, ಸೀಳದ ಇದ್ದಿಲು ಬೇಕು ಎಂದು ಆರಿಸಿ ಆರಿಸಿ ಒಯ್ದಳು. ಅದನ್ನು ಬಿಳಿ ಬೆಂಕಿಯ ಒಲೆಯಲ್ಲಿ ಇನ್ನೊಮ್ಮೆ ಬೇಯಿಸಿ, ಕಲ್ಲಿನ ಹಾಗೆ ಗಟ್ಟಿಯಾದ, ಮೊಳದುದ್ದದ ಒಂದು ಕೊರಡನ್ನು ತಿರುಗಿ ತಂದು ತೋರಿಸಿದಳು. ಎರಡು ಸೆಲ್ಲು, ಒಂದು ಸಣ್ಣ ಬಲ್ಬು, ನಡುವೆ ಈ ಕೊರಡು. ಉದ್ದಕ್ಕೆ ತಂತಿ ಹಚ್ಚಿದರೆ ಬಲ್ಬು ಝಗ್ಗನೆ ಹತ್ತಿತು. ಅಡ್ಡಕ್ಕೆ ಹಚ್ಚಿದರೆ ಮಿಣುಕು ಮಿಣುಕು.

"ಮರ ಇದ್ದಾಗ ನೀರು ಏರೋ ಸಣ್ಣ ನಳಗಿ ಇರ್ತಾವಲ್ಲಜ್ಜಿ, ಸುಟ್ರೂ ಅವು ಹಂಗ ಉಳಿದಾವ. ಆ ನಳಗಿ ಗ್ವಾಡಿಯೆಲ್ಲಾ ಈಗ ಪದರ ಪದರ ಹಾಳಿ ಆಗ್ಯಾವ. ಅದಕ್ಕ ಗ್ರಾಫೀನ್ ಅಂತಾರ" ಎಂದು ತುದಿಯ ಸಣ್ಣ ತೂತುಗಳ ಗೋಡೆಯನ್ನು ತೋರಿಸಿದಳು.

"ತೂತು ಬಿದ್ದ ಕೊಡದಾಗ ನೀರ ನಿಲ್ಲಲ್ಲ, ಇಷ್ಟು ತೂತಿರೋದ್ರಾಗ ಕರೆಂಟು ಹೆಂಗ ಹೋಗ್ತದ ಬೇ?" ಎಂದೆ.

ಹುಡುಗಿ ನಕ್ಕಳು. "ತೂತಿನಾಗ ಹೋಗಲ್ಲಜ್ಜಿ, ತೂತಿನ ಗ್ವಾಡಿಯಾಗ ಹೋಗ್ತದ. ಗ್ವಾಡಿ ಒಂದಕ್ಕೊಂದು ಕೂಡಿರಬೇಕು. ಜಜ್ಜಿ ಪುಡಿ ಮಾಡಿದ್ರ ದಾರಿ ತಪ್ತದ, ಬಲ್ಬು ಹತ್ತಲ್ಲ."

ಇಂಥ ಮರವನ್ನೇ ಇನ್ನಷ್ಟು ಸುಟ್ಟು ಇಡಿ ಎಂದು ಗುರುತಿಗೆ ಆ ಕೊರಡನ್ನೂ ಸೆಲ್ಲು ಬಲ್ಬನ್ನೂ ನನಗೇ ಬಿಟ್ಟಳು. ಹೋಗುವಾಗ ತಿರುಗಿ ನಿಂತು, "ಮನೀ ಕರೆಂಟಿಗೆ ಮಾತ್ರ ಹಚ್ಚಬ್ಯಾಡ್ರಿ ಮತ್ತ. ಹಿಡಕೊಂಡವ್ರು ಉಳಿಯಲ್ಲ" ಎಂದಳು.

ಅವಳು ಒಳ್ಳೆಯದಕ್ಕೇ ಹೇಳಿದ್ದು. ನಾನು ಕೆಟ್ಟದ್ದಕ್ಕೆ ನೆನಪಿಟ್ಟುಕೊಂಡೆ.

ಐತವಾರ ಊಟದ ಹೊತ್ತಿಗಿಂತ ಮುಂಚೆ ಅಂಗಳದಲ್ಲಿದ್ದ ಕೊಡಲಿ, ಸಲಿಕೆ, ಕಟ್ಟಿಗೆ, ಪೊರಕೆ ಸಹಿತ ಎಲ್ಲ ಒಯ್ದು ಭಟ್ಟಿಯ ಹಿಂದೆ ಹಾಕಿದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಆ ಕೊರಡೊಂದನ್ನೇ ಬಿಟ್ಟೆ. ಸೆಲ್ಲು ಹಚ್ಚಿ ನೋಡಿದೆ, ಬಲ್ಬು ಚೆನ್ನಾಗಿ ಹತ್ತಿತು. ಆಮೇಲೆ ಅದರ ಬುಡಕ್ಕೆ ವೈರು ಸುತ್ತಿ, ಒಳಗಿನ ಪ್ಲಗ್ಗಿನಿಂದ ಮನೆಯ ಕರೆಂಟು ಕೊಟ್ಟು, ವೈರಿನ ಮೇಲೆ ಗೋಣಿಚೀಲ ಹೊದಿಸಿದೆ. ಅಂಗಳಕ್ಕೆ ನಾಲ್ಕು ಕೊಡ ನೀರು ಹೊಡೆದೆ. ಮಗಳಿಗೆ ಒಳಗೆ ಚಿಲಕ ಹಾಕಿಕೊಂಡು ಫ್ಯಾನಿನ ಕೆಳಗೆ ಮಲಗು ಎಂದೆ. ಏನು ಮಾಡಿದ್ದೇನೆಂದು ಹೇಳಲಿಲ್ಲ. ಹೌದು, ಅಳಿಯನನ್ನು ಕೊಲ್ಲಲೆಂದೇ ಮಾಡಿದ್ದೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಿಕ್ಕೆ ಬರುವುದಿಲ್ಲ.

ಅವನು ಬಂದ. ಕುಡಿದಿದ್ದ. ಚಪ್ಪಲಿಯನ್ನು ದಾರಿಯಲ್ಲೇ ಎಲ್ಲೋ ಬಿಟ್ಟು ಬರಿಗಾಲಲ್ಲಿದ್ದ.

"ಎಲ್ಲದಾಳ ನಿನ ಮಗಳು?"

"ಒಳಗದಾಳ. ಬರಲ್ಲ."

"ನೀ ಯಾವಾಕಿ ಲೇ ಹೇಳಾಕಿ, ಮಸಿ ಮುದುಕಿ?"

"ನಿನಗ ಹೆಣ್ಣು ಕೊಟ್ಟಾಕಿ. ಅದೊಂದು ತಪ್ಪು ಮಾಡೀನಿ" ಎಂದೆ.

ಕಪಾಳಕ್ಕೆ ಹೊಡೆದ. ಎರಡು ಹಲ್ಲು ಬಾಯಲ್ಲೇ ಉದುರಿದವು. ಬಿದ್ದ ನನ್ನ ಹೊಟ್ಟೆಗೆ ಒದ್ದು, ಇನ್ನೇನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದ. ಸಿಕ್ಕಿದ್ದು ಅದೊಂದೇ. ನಾನು ನೆಲದ ಮೇಲಿಂದ ಅವನ ಕೈಯನ್ನೇ ನೋಡುತ್ತಿದ್ದೆ. ಐದೂ ಬೆರಳು ಕೂಡಿಸಿ ಕೊರಡನ್ನು ಗಟ್ಟಿಯಾಗಿ ಹಿಡಿದ. ಕೆಳಗೆ ಹಸಿ ನೆಲ. ಈಗ ಬಿದ್ದ, ಈಗ ಬಿದ್ದ ಎಂದುಕೊಂಡೆ.

ಏನೂ ಆಗಲಿಲ್ಲ. ಕೊರಡನ್ನು ಎತ್ತಿದ. ವೈರು ಬಾಲದ ಹಾಗೆ ಅದರ ಹಿಂದೆ ಎಳೆದುಕೊಂಡು ಬಂತು. ಅವನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ.

ಅಷ್ಟರಲ್ಲಿ ನನ್ನ ನರಳಾಟ ಕೇಳಿ ಶರಣಮ್ಮ ಚಿಲಕ ತೆಗೆದು ಓಡಿ ಬಂದಳು, ನನ್ನ ಮೇಲೆ ಅಡ್ಡ ಬಿದ್ದಳು. ಅವಳ ಹಿಂದೆ ತೆರೆದ ಬಾಗಿಲಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು. ಕರೆಂಟು ಇತ್ತು. ಆವಾಗ ನನ್ನ ತಲೆಗೆ ಹೊಳೆಯಿತು. ಅವನ ಕೈಯಲ್ಲಿ ಹರಿಯುವುದು ಅವಳ ಮೈಯಲ್ಲೂ ಹರಿಯುತ್ತದೆ. ಅಷ್ಟು ಲೆಕ್ಕ ಹಾಕಿದವಳು ಇದೊಂದನ್ನು ಹಾಕಿರಲಿಲ್ಲ. ಕೊರಡು ಅವಳ ಭುಜದ ಮೇಲೆ ಬಿತ್ತು. ಮತ್ತೊಮ್ಮೆ ಬೆನ್ನಿಗೆ. ಮೂರನೇ ಏಟಿಗೆ ತಲೆ ಒಡೆದು ರಕ್ತ ನನ್ನ ಕಣ್ಣಿಗೆ ಸಿಡಿಯಿತು. ಮೂರು ಏಟಿನಲ್ಲೂ ಅವಳು ಹಸಿ ನೆಲದ ಮೇಲೇ ಇದ್ದಳು. ಮೂರರಲ್ಲೂ ಕರೆಂಟು ಹೊಡೆಯಲಿಲ್ಲ. ಅವಳ ಕೆಳಗಿದ್ದ ನನಗೂ ಹೊಡೆಯಲಿಲ್ಲ.

ಕಟ್ಟೆಯ ಕೆಳಗೆ ಖಾರ ಅರೆಯುವ ಗುಂಡುಕಲ್ಲು ಇತ್ತು, ಅದನ್ನು ಅಡಗಿಸಲು ಮರೆತಿದ್ದೆ. ಮಗಳ ಕೆಳಗಿಂದ ತೆವಳಿ ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬೀಸಿದೆ. ಒಣ ಜಾಲಿ ಮುರಿದ ಹಾಗೆ ಸಪ್ಪಳವಾಯಿತು. ಬಿದ್ದವನ ಕೈ ಮೇಲೂ ಒಂದು ಹಾಕಿದೆ. ಕೊರಡು ಉರುಳಿ ಹೋಯಿತು. ನಾನು ಒಳಗೆ ಹೋಗಿ ಪ್ಲಗ್ಗು ಕಿತ್ತೆ. ಅವನ ಕೂಗಿಗೆ ಜನ ಕೂಡಿ ಅವನನ್ನು ಆಟೋದಲ್ಲಿ ಹಾಕಿಕೊಂಡು ಹೋದರು. ಮಗಳ ತಲೆಗೆ ಗಬ್ಬೂರಿನಲ್ಲೇ ಆರು ಹೊಲಿಗೆ ಬಿತ್ತು. ಈರಪ್ಪ ಈಗಲೂ ಮಾನ್ವಿಯಲ್ಲಿ ಕುಂಟುತ್ತಾನೆ, ಚೀಲ ಹೊರುವುದಿಲ್ಲ.

ಓಣಿಯ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಆಮೇಲೆ ಹೇಳಿದೆ. ದೇವಿ ನಿನ್ನ ಮಗಳನ್ನು ಕಾಯ್ದಳು ಎಂದರು. ಕಾಯುವವಳಾದರೆ ಕೈ ಮುರಿಯುವಾಗಲೇ ಕಾಯಬಹುದಿತ್ತು. ಮಳೆಗಾಲದಲ್ಲಿ ರೇಣುಕಾ ಬಂದಾಗ ಅವಳಿಗೂ ಹೇಳಿದೆ. 

"ಒಳಗೆಲ್ಲೋ ಸೀಳಿರಬೇಕಜ್ಜಿ. ಗ್ವಾಡಿ ಬಿಟ್ಟಿರಬೇಕು. ಇಲ್ಲಾ ವೈರು ಸಡಲಿರಬೇಕು."

"ಮರುದಿನ ವೈರು ಸುತ್ತಿದ್ದು ಸುತ್ತಿದಂಗ ಇತ್ತು. ಸೀಳಿದ್ರ ಮತ್ತ ಕೂಡ್ತದೇನು?"

"ಕೂಡಲ್ಲ" ಎಂದಳು. "ಕೊರಡು ತೋರಸ್ರಿ, ನೋಡ್ತೀನಿ."

ತೋರಿಸಲು ಕೊರಡು ಇರಲಿಲ್ಲ. ಏಕೆಂದರೆ ಆ ಐತವಾರದ ಮರುದಿನ ಬೆಳಿಗ್ಗೆ, ಮಗಳು ಏಳುವ ಮೊದಲು, ನಾನು ಅದನ್ನು ಅದೇ ಕಟ್ಟೆಯ ಮೇಲಿಟ್ಟು ಪ್ಲಗ್ಗು ಹಾಕಿದ್ದೆ. ಅದೇ ವೈರು, ಅದೇ ನೆಲ. ಅದರ ತುದಿಗೆ ಬಲಗೈಯ ಹಿಂಬದಿ ತಾಗಿಸಿದೆ. ಅದು ನನ್ನನ್ನು ಎತ್ತಿ ಒಗೆಯಿತು. ಕಣ್ಣು ತೆರೆದಾಗ ಬಚ್ಚಲ ಹತ್ತಿರ ಬಿದ್ದಿದ್ದೆ, ಬಲಗೈ ಇದೆಯೋ ಇಲ್ಲವೋ ತಿಳಿಯದಾಗಿತ್ತು. ಎದ್ದು ಪ್ಲಗ್ಗು ಕಿತ್ತೆ. ಭಟ್ಟಿಯ ಹಿಂದಿನಿಂದ ಕೊಡಲಿ ತಂದು, ಎಡಗೈಯಲ್ಲೇ ಅದರ ಬೆನ್ನಿನಿಂದ ಕೊರಡನ್ನು ಜಜ್ಜಿ ಪುಡಿ ಮಾಡಿದೆ. ಪುಡಿಯಲ್ಲಿ ಸೆಲ್ಲಿನ ತಂತಿ ಚುಚ್ಚಿ ನೋಡಿದೆ. ಬಲ್ಬು ಹತ್ತಲಿಲ್ಲ. ಪುಡಿಯನ್ನು ತಿಪ್ಪೆಗೆ ಚೆಲ್ಲಿ, ಮಗಳನ್ನು ಎಬ್ಬಿಸಿ, ದೇವದುರ್ಗದ ಮೊದಲ ಬಸ್ಸು ಹತ್ತಿಸಿಕೊಂಡು ಅಳಿಯನ ಮೇಲೆ ದೂರು ಕೊಡಲು ಠಾಣೆಗೆ ಹೋದೆ.