ಬಚ್ಚಲ ಒಲೆಯ ಮೇಲಿನ ಬರಣಿ

ಅಕ್ಕವ್ವಾ, ತಮ್ಮಣ್ಣಾ, ನಿಮ್ಮ ಅಜ್ಜನ ನೌಕರಿ ಒಮ್ಮೆ ಹುಳಗಳ ಕೈಯಲ್ಲಿತ್ತು ಎಂದರೆ ನೀವು ನಗುತ್ತೀರಿ. ದೊಡ್ಡ ಯುದ್ಧಕ್ಕೆ ಮುಂಚಿನ ಆ ಚಳಿಗಾಲದಲ್ಲಿ ನನಗೆ ನಗು ಬಂದಿರಲಿಲ್ಲ.

ಅವರು ಧಾರವಾಡದಲ್ಲಿ ತೋಟದ ಕಚೇರಿಯೊಂದರಲ್ಲಿ ಹಂಗಾಮಿ ಕೆಲಸಕ್ಕಿದ್ದರು. ಕೆಲಗೇರಿ ಕಡೆಯ ಲಿಂಬೆ ಗಿಡಗಳಿಗೆ ಬಿಳಿ ಹಿಟ್ಟು ಮೆತ್ತಿದಂಥ ಹುಳ ಹತ್ತಿತ್ತು. ಅದನ್ನು ತಿನ್ನುವ ಗುಲಗಂಜಿ ಹುಳಗಳನ್ನು ಸಾಕಿ, ಸಾಹೇಬರು ತಪಾಸಣೆಗೆ ಬರುವ ದಿನ ಗಿಡಕ್ಕೆ ಬಿಡಬೇಕಿತ್ತು. ಬಿಟ್ಟರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಆದರೆ ಕಚೇರಿಯ ಕೋಣೆ ಥಂಡಿ. ಮರಿಗಳು ತಿನ್ನದೆ, ಬೆಳೆಯದೆ ಸುಮ್ಮನಿದ್ದುಬಿಟ್ಟವು. ಅವರು ಮರಿಗಳನ್ನು ಬಿಳಿ ಹುಳ ಹತ್ತಿದ ಟೊಂಗೆಗಳ ಸಮೇತ ಎರಡು ಗಾಜಿನ ಬರಣಿಗೆ ಹಾಕಿ ಮನೆಗೆ ತಂದರು. ಅಡುಗೆಮನೆಗೆ ಹುಳ ಬರಕೂಡದೆಂದು ಅತ್ತೆಯವರು ಹೇಳಿದ್ದರಿಂದ ಒಂದು ಬರಣಿ ಬಚ್ಚಲ ಒಲೆಯ ಮೇಲಿನ ಗೂಡು ಸೇರಿತು, ಇನ್ನೊಂದು ಪಡಸಾಲೆಯಲ್ಲಿ ಉಳಿಯಿತು. ಮುಂಜಾನೆಯ ಒಂದು ತಾಸಿನ ಉರಿಗೇ ಗೂಡಿನ ಮರಿಗಳು ಪಡಸಾಲೆಯವಕ್ಕಿಂತ ಬೇಗ ದಪ್ಪಗಾದವು.

ಸಾಹೇಬರು ಬರಲು ಮೂರು ವಾರವಿದ್ದಾಗ ಮಾವನವರ ಶ್ರಾದ್ಧ ಬಂತು. ನೆಂಟರ, ಭಟ್ಟರ ಸ್ನಾನಕ್ಕೆಂದು ಬಚ್ಚಲ ಒಲೆ ಮಧ್ಯಾಹ್ನದ ತನಕ ಆರಲೇ ಇಲ್ಲ. ನಾನು ಮಡಿಯುಟ್ಟು ವಡೆ ಕರಿಯುತ್ತಿದ್ದೆ. ಎದುರಿಗೇ ಬಚ್ಚಲು. ಮರಿಗಳೆಲ್ಲ ಬರಣಿಯ ಬಾಯಿಗೆ ಕಟ್ಟಿದ ಬಟ್ಟೆಯತ್ತ ಹತ್ತುತ್ತಿದ್ದವು. ಒಂದು ವಡೆ ತಟ್ಟಿ ನೋಡುತ್ತೇನೆ, ಮಗುಚಿ ಹಾಕಿ ನೋಡುತ್ತೇನೆ. ಮುಟ್ಟಿದರೆ ಮಡಿ ಕೆಟ್ಟು ಅಡುಗೆಯೆಲ್ಲ ಮೈಲಿಗೆ. ಅವರೋ ಭಟ್ಟರ ಮುಂದೆ ಕೂತಿದ್ದರು. ಹಿರಿಯರೆದುರು ನಾನು ಅವರೊಂದಿಗೆ ಮಾತಾಡಿದವಳೇ ಅಲ್ಲ. ಆಮೇಲೆ ಮರಿಗಳು ಹತ್ತುವುದನ್ನು ನಿಲ್ಲಿಸಿದವು.

ಸಂಜೆ ಅವರು ಬರಣಿ ಇಳಿಸಿದಾಗ ಎಲ್ಲವೂ ಸತ್ತು ತಳದಲ್ಲಿದ್ದವು.

“ಏನೋ ರೋಗ ಬಂದದ,” ಎಂದು ಪಡಸಾಲೆಯ ಬರಣಿ ತಂದರು. “ಇನ್ನ ಇದೊಂದೇ ಉಳದದ. ಇದಕ್ಕರೆ ಕಾವು ಸಿಗಲಿ.” ಅದೇ ಗೂಡಿಗೆ ಕೈ ಎತ್ತಿದರು.

“ಅಲ್ಲಿ ಬ್ಯಾಡ್ರಿ,” ಎಂದೆ.

ಅತ್ತೆಯವರು ತಿರುಗಿದರು. “ಅಯ್ಯ, ನಮ್ಮ ಸೊಸಿಗೆ ಬಾಯಿ ಅದ ಅನ್ನೋದು ಇವತ್ತ ಗೊತ್ತಾತು ನೋಡಪಾ!”

“ರೋಗ ಅಲ್ರಿ. ಒಲಿ ಆರಲೇ ಇಲ್ಲ, ಮುಂಜಾನಿಯಿಂದ ಮ್ಯಾಲ ಹತ್ತಲಿಕ್ಕತ್ತಿದ್ವು. ಕಾವು ಹೆಚ್ಚಾಗಿ ಸತ್ತಾವ. ನಾ ಮಡಿಯೊಳಗಿದ್ದೆ, ಮುಟ್ಟಲಿಲ್ಲ.”

ಬೈಯುತ್ತಾರೆಂದು ನಿಂತೆ. ಅವರು ಕೈ ಇಳಿಸಿದರು. “ಹಂಗಾದ್ರ ಇದನ್ನ ಎಲ್ಲಿಡೋಣ? ನೀನೇ ಹೇಳು.”

ಮರುದಿನದಿಂದ ಬರಣಿ ನನ್ನ ತೊಡೆಯ ಮೇಲೆ, ನಾನು ಅಂಗಳದಲ್ಲಿ. ಗಾಜು ಬಿಸಿಯಾಯಿತೆಂದರೆ ನೆರಳಿಗೆ, ತಣ್ಣಗಾಯಿತೆಂದರೆ ಬಿಸಿಲಿಗೆ. ಕೂತಲ್ಲಿ ಕೂರಲಾಗಲಿಲ್ಲ. “ಕೂಸಿನ್ನ ಆಡಸೋ ತೊಡಿ ಮ್ಯಾಲ ಹುಳಾ ಆಡಸ್ತಾಳ,” ಎಂದು ಅತ್ತೆಯವರು ಓಣಿಗೆಲ್ಲ ಹೇಳಿದರು. ವಾರ ಕಳೆದು ಮರಿಗಳು ಕೋಶವಾದವು. ಆಮೇಲಿನ ದಿನಗಳು ಇನ್ನೂ ಕಷ್ಟ: ಅಲುಗಾಡದ ಕೋಶದೊಳಗೆ ಜೀವ ಇದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಊಟ ಸೇರಲಿಲ್ಲ. ಸಾಹೇಬರು ಬರುವ ಹಿಂದಿನ ದಿನ ಒಂದು ಕೋಶ ಸೀಳಿತು. ಮರುದಿನ ಮುಂಜಾನೆಗೆ ಬರಣಿಯ ತುಂಬ ಓಡಾಟ.

ಹುಳಗಳನ್ನು ಗಿಡಕ್ಕೆ ಬಿಟ್ಟು ಕೆಲಗೇರಿಯಿಂದ ಅವರು ನಗುತ್ತಲೇ ಬಂದರು. “ಇಂಥಾ ಥಂಡ್ಯಾಗ ಹೆಂಗ ಸಾಕಿದ್ರಿ ಅಂತ ಸಾಹೇಬ್ರು ಕೇಳಿದ್ರು. ನಮ್ಮ ಮನಿಯವರು ಸಾಕ್ಯಾರ್ರಿ ಅಂದೆ. ಕೆಲಸ ಕಾಯಂ ಆತು.”

ಅವರು ತೀರಿಕೊಂಡು ಈಗ ವರ್ಷಗಳಾದವು. ನೋಡುತ್ತ ನೋಡುತ್ತ ಸಾಯಬಿಟ್ಟ ಆ ಮರಿಗಳು ಮಾತ್ರ ಇಂದಿಗೂ ನನ್ನನ್ನು ಸುಮ್ಮನೆ ಕೂರಗೊಡುವುದಿಲ್ಲ. ಆ ಸಂಕಟವನ್ನು ಬಾಯಿಬಿಟ್ಟು ಯಾರಿಗೂ ಹೇಳಲಾರದೆ ಬರೆದಿದ್ದೇನೆ. ಈ ಹಾಳೆಗಳನ್ನು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಜೋಪಾನವಾಗಿಡಿ, ಮಕ್ಕಳೇ.