ಮೋಡದ ಮೇಲೆ ನಿಂತ ಮುಳ್ಳು

ನಂಜನಗೂಡಿನಿಂದ ಎರಡು ಬಸ್ಸು ಬದಲಿಸಿ ಹೆಮ್ಮಿಗೆ ಕಡೆಯ ಶಾಲೆ ಸೇರುವಷ್ಟರಲ್ಲಿ ನನಗೆ ಅರ್ಧ ದಿನ ದುಡಿದಷ್ಟು ಸುಸ್ತು. ಒಂದರಿಂದ ಮೂರನೇ ತರಗತಿವರೆಗೆ ಎಲ್ಲರಿಗೂ ಒಂದೇ ಕೋಣೆ, ನಾನೊಬ್ಬನೇ ಮೇಷ್ಟ್ರು. ಗೋಡೆಯಲ್ಲೊಂದು ಹವಾಮಾನದ ಪಟವಿದೆ. ದಿನಾ ಬೆಳಿಗ್ಗೆ ಒಂದು ಮಗು ಆಕಾಶ ನೋಡಿ ಬಂದು ಬಿಸಿಲಿಗೋ ಮೋಡಕ್ಕೋ ಮಳೆಗೋ ಅದರ ಮುಳ್ಳು ತಿರುಗಿಸಬೇಕು.

ಮೊನ್ನೆ ಹೊರಗೆ ಸುಡುವ ಬಿಸಿಲಿದ್ದರೂ ಮುಳ್ಳು ಮೋಡದ ಮೇಲಿತ್ತು. ತಿರುಗಿಸಿದ್ದು ಎರಡನೇ ತರಗತಿಯ ಸಿಂಚನಾ. ಪಟದ ಪಕ್ಕದಲ್ಲೇ ನಿಂತಿದ್ದಳು.

“ಮೋಡ ಎಲ್ಲಿದೆಯವ್ವ?” ಅಂದೆ.

“ಆಕಾಸದಲ್ಲಿಲ್ಲ ಸಾ. ನೀವು ಬಸ್ಸಿಳಿದು ಬರೋವಾಗ ಮಕ ನೋಡ್ದೆ. ಇವತ್ತು ಗಲಾಟೆ ಬ್ಯಾಡ ಅಂತ ಎಲ್ರಿಗೂ ಗೊತ್ತಾಗ್ಬೇಕಲ್ಲ.”

ಅದಕ್ಕೇ ಇರಬೇಕು, ಕೋಣೆಯಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಹಾಗೆಲ್ಲ ಮಾಡಬಾರದು ಎಂದು ಗದರಲು ಬಾಯಿ ತೆರೆದೆ. ಅವಳ ಬೆರಳು ಮೆಲ್ಲಗೆ ಮುಳ್ಳನ್ನು ಮಳೆಯ ಕಡೆ ತಳ್ಳತೊಡಗಿತು.