ಕುಬಸಕ್ಕೆ ತಂದ ಹಸಿರು ಸೀರೆ

ನನಗೆ ಹೊಟ್ಟೆ ಬಂತು. ಮುಟ್ಟು ಆಗಲೇ ನಿಂತಿತ್ತು. ಹನ್ನೊಂದು ವರ್ಷ ಮಕ್ಕಳಿಲ್ಲದ ಮನೆಗೆ ಇಷ್ಟು ಸಾಕು. ಅತ್ತೆ ಯರಗಟ್ಟಿ ಸಂತೆಗೆ ಹೋಗಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆ ತಂದೇಬಿಟ್ಟರು. ಕಾರ್ಡ್ ಟೆಸ್ಟ್‌ನಲ್ಲಿ ಮಾತ್ರ ಬಸಿರಿಲ್ಲ ಎನ್ನುವ ಒಂದೇ ಗೆರೆ ಮೂಡಿತ್ತು.

"ಆ ಕಾರ್ಡಿಗೇನ ಗೊತ್ತಾಗತೈತಿ? ಎಲ್ಲವ್ವ ಕೊಟ್ಟಾಳ," ಎಂದರು.

ನಾನೂ ಅದನ್ನು ಕಸಕ್ಕೆ ಹಾಕಿದೆ. ಸಂಜೆಯಾದರೆ ಜ್ವರ. ತೋಳು ಸೊರಗಿ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಸುರಿಯರು ಹೀಗೇ ಇರುತ್ತಾರೇನೋ ಎಂದುಕೊಂಡೆ. ಆಸೆಗೆ ಕಣ್ಣಿಲ್ಲ.

ಸವದತ್ತಿಯಲ್ಲಿ ಸ್ಕ್ಯಾನ್ ಮಾಡಿದರು. ಕೂಸು ಇರಲಿಲ್ಲ.

ಹೊಟ್ಟೆ ತುಂಬ ನೀರು, ಓವರಿಯಲ್ಲಿ ಗಡ್ಡೆ. ಬೆಳಗಾವಿಗೆ ಕಳಿಸಿದರು. ಅಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ರಕ್ತದ ಸಿಎ-125 ಕೂಡ ಹೆಚ್ಚು ಬಂತು. ಓವರಿ ಕ್ಯಾನ್ಸರ್ ಇರಬಹುದು ಎಂದರು. ಎಲ್ಲ ತೆಗೆದುಬಿಡಿ, ಜೀವ ಉಳಿದರೆ ಸಾಕು ಎಂದು ನನ್ನ ಗಂಡ ಕೈಮುಗಿದರು. ನನಗೆ ಜೀವವೂ ಬೇಕಿತ್ತು, ಗರ್ಭಚೀಲವೂ ಬೇಕಿತ್ತು.

ಡಾಕ್ಟರ್ ಹೆಣ್ಣುಮಗಳು, ಅವಸರದವರಲ್ಲ. ಹೊಟ್ಟೆಯ ಟಿಬಿಯಲ್ಲೂ ಇದೇ ನೀರು, ಇದೇ ಗಡ್ಡೆ ಕಾಣುತ್ತದೆ, ರಕ್ತದಲ್ಲೂ ಹೀಗೇ ಬರಬಹುದು; ಲ್ಯಾಪರೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ತುಣುಕು ತೆಗೆದು ಬಯಾಪ್ಸಿ ನೋಡದೆ ಏನನ್ನೂ ತೆಗೆಯುವುದಿಲ್ಲ ಎಂದರು. ಟಿಬಿ ಎಂದರೆ ಕೆಮ್ಮು ಎಂದಷ್ಟೇ ನನಗೆ ಗೊತ್ತಿತ್ತು. ನಾನು ಒಮ್ಮೆಯೂ ಕೆಮ್ಮಿರಲಿಲ್ಲ.

ರಿಪೋರ್ಟ್ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಹೊಟ್ಟೆತುಂಬ ಉಣ್ಣಲಿಲ್ಲ.

"ಕ್ಯಾನ್ಸರ್ ಅಲ್ಲ. ಟಿಬಿ ಐತಿ. ಗುಳಿಗಿ ತಪ್ಪಸಬ್ಯಾಡ್ರಿ, ಆರಾಮ ಆಗ್ತೀರಿ," ಎಂದರು ಡಾಕ್ಟರ್.

ನಾನು ನಕ್ಕೆ. ಟಿಬಿ ಬಂತೆಂದು ನಕ್ಕವರು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಕ್ಕು ಮುಗಿದ ಮೇಲೆ ಮಕ್ಕಳಾಗುತ್ತವೆಯೇ ಎಂದು ಕೇಳಿದೆ. ಡಾಕ್ಟರ್ ನನ್ನ ಕೈ ಹಿಡಿದುಕೊಂಡೇ ಹೇಳಿದರು. ಗರ್ಭಚೀಲಕ್ಕೆ ಹೋಗುವ ಎರಡೂ ಟ್ಯೂಬ್ ಹಾಳಾಗಿವೆ. ರೋಗ ಬಹಳ ಹಳೆಯದಿರಬೇಕು.

ಗರ್ಭಚೀಲ ಉಳಿದಿತ್ತು. ಅದಕ್ಕೆ ದಾರಿ ಉಳಿದಿರಲಿಲ್ಲ.

ಇಷ್ಟು ವರ್ಷ ಎಲ್ಲವ್ವನ ಗುಡ್ಡ ಹತ್ತಿದ್ದು, ಹರಕೆ ಹೊತ್ತದ್ದು, ಸೀಮಂತದ ಮನೆಗಳಲ್ಲಿ ಹಿಂದೆ ಸರಿದು ನಿಂತದ್ದು ಎಲ್ಲ ನೆನಪಾಯಿತು. ಕಾರಣ ನನ್ನೊಳಗೇ ಸದ್ದಿಲ್ಲದೆ ಕೂತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ?

ಗುಳಿಗೆಗೆ ಮೂತ್ರ ಕೆಂಪಾಗುತ್ತಿತ್ತು, ಅನ್ನ ಕಂಡರೆ ವಾಕರಿಕೆ. ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಎದುರು ಕೂತು ತಿನ್ನಿಸಿದರು. ತಿಂಗಳುಗಳ ಮೇಲೆ ಗುಳಿಗೆ ಮುಗಿದ ದಿನ ಟ್ರಂಕಿನಿಂದ ಆ ಹಸಿರು ಸೀರೆ ತೆಗೆದರು. ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು ತಂದಿಟ್ಟರು. ಬಸುರಿಗೆಂದು ತಂದದ್ದು ನನಗ್ಯಾಕೆ ಎಂದೆ.

"ಮನಿಗೊಂದ ಜೀವ ಬರತೈತಂತ ತಂದಿದ್ನವ್ವಾ. ಬಂದೈತಲ್ಲ. ಉಟ್ಕೋ."

ಅಳುತ್ತಲೇ ಉಟ್ಟುಕೊಂಡೆ. ಹೊಟ್ಟೆ ಇಳಿದಿತ್ತು, ನೆರಿಗೆ ಎರಡು ಹೆಚ್ಚೇ ಬಂದವು.